ಧ್ವನಿವರ್ಧಕದ ತಂತಿಯೂ ನಮ್ಮ ಕಿವಿಯೂ

ಲಕ್ಷ್ಮಣತೀರ್ಥ ನದಿಗೆ ಹನಗೋಡಿನಲ್ಲಿ ಕಟ್ಟಿರುವ ಅಣೆಕಟ್ಟನ್ನು ಹುಣಸೂರಿನ ಕಡೆಯ ವಾಚಕರು ಬಲ್ಲರು. ಅಲ್ಲಿಂದ ಹೊರಟ ನಾಲೆಯ ನೀರು ಮೊದಲಿನ ಗದ್ದೆಗೂ ತುದಿಯ ಗದ್ದೆಗೂ ಒಂದೇ ರಭಸದಿಂದ ಒದಗುವುದಿಲ್ಲವೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುವೆ ಕಿರಿದಾದಷ್ಟೂ ಉದ್ದವಾದಷ್ಟೂ ಹರಿವಿಗೆ ಅಡಚಣೆ ಹೆಚ್ಚು. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ವಿಷಯವೂ ಹೀಗೆಯೇ. ಅಲ್ಲಿನ ಅಡಚಣೆಗೆ ರೋಧವೆಂದು ಹೆಸರು.

ಊರಿನಲ್ಲಿ ಕುರುಕ್ಷೇತ್ರ ನಾಟಕ ನಡೆಯುವ ರಾತ್ರಿ, ಆಂಪ್ಲಿಫೈಯರಿನಿಂದ 100 ಮೀಟರು ದೂರದ ಮರಕ್ಕೆ 8 ಓಮ್ ರೋಧದ ಧ್ವನಿವರ್ಧಕವೊಂದನ್ನು ಕಟ್ಟಿದ್ದಾರೆಂದು ಭಾವಿಸೋಣ. ತಂತಿಯ ತಾಮ್ರದ ಅಡ್ಡಕೊಯ್ತ ಅರ್ಧ ಚದರ ಮಿಲಿಮೀಟರು. ವಿದ್ಯುತ್ತು ಹೋಗಿ ಬರಬೇಕಾದುದರಿಂದ ಒಟ್ಟು ಉದ್ದ 200 ಮೀಟರು. ರೋಧ ಸುಮಾರು 7 ಓಮ್. ಧ್ವನಿವರ್ಧಕದ ರೋಧಕ್ಕೆ ಇದು ಹೆಚ್ಚುಕಡಿಮೆ ಸಮ! ತಂತಿಯಲ್ಲಿ ರೋಧವೇ ಇಲ್ಲದಿದ್ದರೆ ದೊರೆಯುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ 30 ಪಾಲು ಕೂಡ ಮರದ ಮೇಲಿನ ಭೀಮನ ಗರ್ಜನೆಗೆ ಒದಗದು. ಮೈಕ್‌ಸೆಟ್ಟಿನವರು ಇದಕ್ಕೆ ಪರಿಹಾರವಾಗಿ ಟ್ರಾನ್ಸ್‌ಫಾರ್ಮರನ್ನು ಬಳಸಿ 100 ವೋಲ್ಟಿನಲ್ಲಿ ಧ್ವನಿಯ ವಿದ್ಯುತ್ತನ್ನು ಕಳುಹಿಸುವರು. ಆಗ 10 ವಾಟಿನ ಧ್ವನಿವರ್ಧಕವು ತಂತಿಗೆ 1000 ಓಮ್‌ನಂತೆ ತೋರುವುದು. 7 ಓಮ್ ಅದರ ಮುಂದೆ ಗಣನೆಗೆ ಬಾರದು.

ಇನ್ನು ಮನೆಯೊಳಗಿನ ಸಂಗೀತಕ್ಕೆ ಬರೋಣ. ಹೈ-ಫೈ ಯಂತ್ರಗಳಿಗೆಂದು ಮೀಟರಿಗೆ ಸಾವಿರಾರು ರೂಪಾಯಿ ಬೆಲೆಯ ತಂತಿಗಳು ಮಾರಾಟಕ್ಕಿವೆ. ಸಾಮಾನ್ಯ ತಾಮ್ರದ, ಒಂದು ಚದರ ಮಿಲಿಮೀಟರಿನ, 3 ಮೀಟರು ತಂತಿಯ ರೋಧ ಹೋಗಿ ಬರುವುದು ಸೇರಿ ಓಮಿನ ಹತ್ತನೆಯ ಒಂದು ಭಾಗ. ಇದರಿಂದ ಧ್ವನಿ ಕುಗ್ಗುವುದು ಸುಮಾರು 0.1 ಡೆಸಿಬೆಲ್. ಧ್ವನಿವರ್ಧಕದ ರೋಧವು ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ಕೆಲವು ಸ್ವರಗಳು ತುಸು ಹೆಚ್ಚು ಕುಗ್ಗಬಹುದು ನಿಜ. ಆ ವ್ಯತ್ಯಾಸವೂ 0.2 ಡೆಸಿಬೆಲ್ಲಿನ ಆಸುಪಾಸು. ಬೆಳ್ಳಿಯ ತಂತಿಯಾದರೋ? ಅದರ ರೋಧ ತಾಮ್ರಕ್ಕಿಂತ ನೂರಕ್ಕೆ ಐದಾರು ಪಾಲು ಕಡಿಮೆ, ಅಷ್ಟೆ. ತಾಮ್ರವನ್ನೇ ತುಸು ದಪ್ಪಗೆ ಕೊಂಡರೆ ಅದೇ ಲಾಭ. ಬೆಳ್ಳಿ ಕಾಲಂದುಗೆಗೆ ಮಿಗಲಿ!

ಆದರೂ ಬೆಲೆಯ ತಂತಿ ಹಾಕಿದೊಡನೆ ವೀಣೆಯ ನಾದ ತಿಳಿಯಾಯಿತೆನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆಯೇ ಕೇಳಿಸುವುದು. 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅದು ಆಕಸ್ಮಿಕವೇ ಇರಬಹುದು. ಆದರೆ ಕೇಳುವ ಕಾರ್ಯದಲ್ಲಿ ಕಿವಿಯಷ್ಟೇ ಮನಸ್ಸಿಗೂ ಪಾಲುಂಟು. ತಂತಿಯ ಬೆಲೆಯನ್ನು ಬಲ್ಲ ಮನಸ್ಸು ಸುಮ್ಮನಿರದು.

ಆದುದರಿಂದ ಬೆಲೆಯನ್ನು ಮರೆಮಾಡಿ ಪರೀಕ್ಷಿಸಬೇಕು. ವಿದ್ಯಾರ್ಥಿಗಳು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಇದನ್ನು ಮಾಡಬಹುದು. ಪರದೆಯ ಹಿಂದಿನ ಗೆಳೆಯನು ಪ್ರತಿಸಲವೂ ನಾಣ್ಯ ಚಿಮ್ಮಿ ಎರಡರಲ್ಲೊಂದು ತಂತಿಯನ್ನು ಆರಿಸಲಿ. ಕೇಳುವವನು ಯಾವುದೆಂದು ಬರೆದಿಡಲಿ. ಗೆಳೆಯನ ಮುಖವಾಗಲಿ ಮಾತಾಗಲಿ ಅವನಿಗೆ ಸುಳಿವು ಕೊಡಬಾರದು. 16 ಸಲ ಕೇಳಿದಾಗ 12 ಅಥವಾ ಹೆಚ್ಚು ಉತ್ತರಗಳು ಕೇವಲ ಊಹೆಯಿಂದ ಸರಿಯಾಗುವ ಸಂಭವ ನೂರಕ್ಕೆ ಸುಮಾರು 4. ಅಷ್ಟು ಸರಿಯಾದರೆ ವ್ಯತ್ಯಾಸವು ಕೇಳಿಸುತ್ತಿದೆಯೆಂದು ಶಂಕಿಸಿ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ಮೊದಲು ಧ್ವನಿವರ್ಧಕದ ಎರಡು ತುದಿಗಳ ನಡುವಿನ ವೋಲ್ಟುಗಳನ್ನು ಅಳೆದು, ಎರಡು ತಂತಿಗಳಲ್ಲಿಯೂ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಅಂತರವಿರದಂತೆ ಸರಿಪಡಿಸಿಕೊಳ್ಳುವುದು ಅಗತ್ಯ. ಏಕೆಂದರೆ ತುಸು ಗಟ್ಟಿಯಾದ ಧ್ವನಿಯೇ ಕಿವಿಗೆ ಉತ್ತಮವೆನಿಸುವುದು. ತಂತಿಯನ್ನು ಕಳಚಿ ಸಿಕ್ಕಿಸುತ್ತ ಕಾಲ ಕಳೆದರೆ ಮೊದಲು ಕೇಳಿದ ನಾದದ ಸೂಕ್ಷ್ಮವು ನೆನಪಿನಿಂದ ಜಾರಿಹೋಗುವುದು. ತಂತಿಗಳನ್ನು ಕ್ಷಣದಲ್ಲಿ ಬದಲಿಸಬಲ್ಲ ಒಂದು ಸ್ವಿಚ್ಚು ಇರಲಿ.