ನಲ್ವತ್ತು ಕಳೆದು ಯರಗಟ್ಟಿಗೆ ಹೊರಟ ಮಗು

ಮಧ್ಯಾಹ್ನ ಎರಡೂವರೆಗೆ ಫೋನು. ನಮ್ಮ ಕುಟುಂಬದ್ದೇ ಹುಡುಗಿ, ಚೊಚ್ಚಲ ಬಾಣಂತಿ. ಉಮ್ಮನ ಮನೆಯಲ್ಲಿ ನಲ್ವತ್ತು ಮುಗಿಸಿ ಗಂಡನ ಜೊತೆ ಯರಗಟ್ಟಿಗೆ ಹೋಗಿ ವಾರವೂ ಆಗಿರಲಿಲ್ಲ.

"ಮಾಮಿ, ಇಲ್ಲಿಯ ಬಿಸಿಲು ನೋಡಿದರೆ ಹೆದರಿಕೆ ಆಗ್ತದೆ. ಮಗುವಿನ ತುಟಿ ಒಣಗಿದ ಹಾಗೆ ಕಾಣ್ತದೆ. ಸಂಜೆ ಆದರೆ ಸಾಕು, ಒಂದೇ ಸಮನೆ ಅಳ್ತದೆ. ಪಕ್ಕದ ಮನೆ ಅಜ್ಜಿ 'ಕೂಸಿಗೆ ಒಂದೀಟು ನೀರು ಕುಡಸ ಯವ್ವಾ, ಬಿಸಲು ಭಾಳ ಐತಿ' ಅಂತಾರೆ. ಎಂತ ಮಾಡುವುದು?"

ಆ ಅಜ್ಜಿಯದ್ದು ಪ್ರೀತಿಯ ಮಾತು, ಅದರಲ್ಲಿ ಸಂಶಯ ಇಲ್ಲ. ಆದರೆ ಉತ್ತರ ಒಂದೇ: ಬೇಡ. ಒಂದು ಚಮಚವೂ ಬೇಡ. ಆರು ತಿಂಗಳು ತುಂಬುವವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಅದು ಮಂಗಳೂರಾದರೂ ಸರಿ, ಯರಗಟ್ಟಿಯಾದರೂ ಸರಿ.

ಯರಗಟ್ಟಿ ಎಂದರೆ ನಮ್ಮಲ್ಲಿ ಹಲವರಿಗೆ ಎಲ್ಲಿ ಅಂತಲೇ ಗೊತ್ತಿರಲಿಕ್ಕಿಲ್ಲ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಮೊದಲು ಸವದತ್ತಿ ತಾಲೂಕಿಗೆ ಸೇರಿತ್ತು, ಕೆಲವು ವರ್ಷಗಳ ಹಿಂದಷ್ಟೇ ಅದೇ ತಾಲೂಕು ಕೇಂದ್ರವಾಯಿತು. ಹೀಗೆ ಬೇಕರಿ, ಹೋಟೆಲು, ಜ್ಯೂಸ್ ಅಂಗಡಿ ಅಂತ ಘಟ್ಟ ಹತ್ತಿದ ನಮ್ಮ ಹುಡುಗರು ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇದ್ದಾರೆ. ಮೊದಲೆಲ್ಲ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಹೋಗುತ್ತಿದ್ದರು. ಈಗ ಮನೆ ಬಾಡಿಗೆಗೆ ಹಿಡಿದು ಸಂಸಾರ ಕರೆಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಚೊಚ್ಚಲ ಬಾಣಂತಿ ಅಲ್ಲಿಗೆ ಹೋಗಿ ಇಳಿಯುವ ಹೊತ್ತು ಇದೆಯಲ್ಲ, ಅದರ ಬಗ್ಗೆ ನಾವು ಯೋಚಿಸಿದ್ದು ಕಡಿಮೆ.

ಲೆಕ್ಕ ಹಾಕಿ ನೋಡಿ. ನಲ್ವತ್ತು ದಿನ ಎಂದರೆ ಹೆಚ್ಚುಕಡಿಮೆ ಆರು ವಾರ. ಮಗುವಿನ ಅಳು ಎರಡು ಮೂರನೇ ವಾರಕ್ಕೆ ಶುರುವಾಗಿ ಏರುತ್ತಾ ಹೋಗಿ ಅತಿ ಹೆಚ್ಚಾಗುವುದು ಸರಿಯಾಗಿ ಆರನೇ ವಾರದ ಹೊತ್ತಿಗೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಬಿಸಿಜಿ ನಂತರದ ದೊಡ್ಡ ಲಸಿಕೆ ಬರುವುದೂ ಆರನೇ ವಾರಕ್ಕೆ. ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಬರುವುದು 3, 7, 14, 21, 28 ಮತ್ತು 42ನೇ ದಿನ. ಅಂದರೆ ಆ ಸುತ್ತೂ ಆರನೇ ವಾರಕ್ಕೆ ಮುಗಿಯಿತು. ಅದೇ ವಾರ ಉಮ್ಮನ ಕೈ, ನೀರು ಹಾಕುವವಳ ಕೈ, ಅಕ್ಕತಂಗಿಯರ ಕೈ ಎಲ್ಲ ಬಿಟ್ಟು ಈ ಹುಡುಗಿ ರಾತ್ರಿ ಬಸ್ ಹತ್ತುತ್ತಾಳೆ. ಬೆಳಿಗ್ಗೆ ಇಳಿದರೆ ಹೊಸ ಊರು, ಒಣ ಗಾಳಿ, ತಗಡಿನ ಮಾಡು. ಗಂಡ ಐದು ಗಂಟೆಗೆ ಹೋಟೆಲಿಗೆ ಹೋದರೆ ಬರುವುದು ರಾತ್ರಿ ಹತ್ತಕ್ಕೆ. ಮಗು ಅಳುತ್ತದೆ. "ನನಗೆ ಹಾಲು ಸಾಲುವುದಿಲ್ಲ" ಎಂದು ಅವಳಿಗೆ ಅನ್ನಿಸದಿದ್ದರೆ ಅದೇ ಆಶ್ಚರ್ಯ.

ಎಷ್ಟೋ ಮನೆಗಳಲ್ಲಿ ಡಬ್ಬಿ ಹಾಲು ಒಳಗೆ ಬರುವುದು ಈ ವಾರದಲ್ಲೇ. ಬಾಟಲಿ ಬಂತೆಂದರೆ ಮಗು ಎದೆ ಚೀಪುವುದು ಕಡಿಮೆ ಆಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆ ಆಗುತ್ತದೆ. ಆಮೇಲೆ "ಸಾಲುವುದಿಲ್ಲ" ಎಂಬ ಮಾತು ನಿಜವೇ ಆಗಿಬಿಡುತ್ತದೆ.

ಹಾಗಾದರೆ ಹಾಲು ಸಾಕಾಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಳುವಿನಿಂದ ಅಲ್ಲ, ಒದ್ದೆ ಬಟ್ಟೆಯಿಂದ. ಮೊದಲ ವಾರ ಕಳೆದ ಮೇಲೆ ದಿನರಾತ್ರಿ ಸೇರಿ ಕನಿಷ್ಠ ಆರು ಸಲ ಮಗು ಮೂತ್ರ ಮಾಡಬೇಕು, ಅದರ ಬಣ್ಣ ತಿಳಿಯಾಗಿರಬೇಕು. ತಿಂಗಳು ತಿಂಗಳು ತೂಕ ಏರಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಮತ್ತೆ ಬರುತ್ತದೆ. ಇವೆರಡು ಸರಿ ಇದ್ದರೆ ಹಾಲು ಸಾಕಾಗುತ್ತಿದೆ. ಒಂದೂವರೆ ತಿಂಗಳಾದ ಮೇಲೆ ಬರೀ ಎದೆಹಾಲು ಕುಡಿಯುವ ಮಗು ಎರಡು ಮೂರು ದಿನ ಮಲ ಮಾಡದೇ ಇದ್ದರೂ, ಆಮೇಲೆ ಮಾಡಿದ್ದು ಮೆತ್ತಗಿದ್ದು ಮಗು ಆರಾಮ ಇದ್ದರೆ ಗಾಬರಿ ಬೇಡ.

ಇನ್ನು ನೀರಿನ ವಿಷಯ. ತಾಯಿಹಾಲಿನಲ್ಲಿ ನೂರಕ್ಕೆ 88 ಪಾಲು ನೀರೇ. ಬಿಸಿಲು 40 ಡಿಗ್ರಿಯ ಹತ್ತಿರ ಹೋದರೂ ಮಗುವಿಗೆ ಬೇಕಾದ ನೀರು ಅದರಲ್ಲೇ ಇದೆ. ಬೇಕಾದರೆ ಮಗು ಇನ್ನೆರಡು ಸಲ ಹೆಚ್ಚು ಕೇಳುತ್ತದೆ, ಕೊಟ್ಟರಾಯಿತು. ಪುಟ್ಟ ಹೊಟ್ಟೆಗೆ ನೀರು ತುಂಬಿಸಿದರೆ ಹಾಲಿಗೆ ಜಾಗ ಇರುವುದಿಲ್ಲ. ಎಳೆ ಮಗುವಿನ ಮೂತ್ರಪಿಂಡ ಹೆಚ್ಚಿನ ನೀರನ್ನು ಹೊರಹಾಕುವಷ್ಟು ಬಲಿತಿರುವುದಿಲ್ಲ, ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಫಿಟ್ಸ್ ಬರುವುದೂ ಉಂಟು. ನೀರು ಶುದ್ಧ ಇಲ್ಲದಿದ್ದರೆ ಭೇದಿ ಬೇರೆ. ಸಕ್ಕರೆ ನೀರು, ಬೆಲ್ಲದ ನೀರು, ಗ್ರೈಪ್ ವಾಟರ್, ನಮ್ಮಲ್ಲಿ ತೇದು ನೆಕ್ಕಿಸುವ ಬಜೆ, ಅಲ್ಲಿ ಹಾಕುವ ಗುಟ್ಟಿ, ಎಲ್ಲಕ್ಕೂ ಇದೇ ಉತ್ತರ. ಆ ಬಿಸಿಲಿಗೆ ನೀರು ಬೇಕಾಗಿರುವುದು ಮಗುವಿಗಲ್ಲ, ತಾಯಿಗೆ. ಹಾಲು ಕೊಡಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಲೋಟ ನೀರೋ ಮಜ್ಜಿಗೆಯೋ ಗಂಜಿ ನೀರೋ ಇರಬೇಕು. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎನ್ನುವ ಹಳೆಯ ಮಾತು ಕೆಲವು ಮನೆಗಳಲ್ಲಿ ಇನ್ನೂ ಇದೆ. ಯರಗಟ್ಟಿಯ ಬಿಸಿಲಿನಲ್ಲಿ ಅದು ಬರೀ ತಪ್ಪಲ್ಲ, ಹಿಂಸೆ.

ಜೇನಿನ ವಿಷಯದಲ್ಲಿ ನಮ್ಮವರಿಗೆ ಸ್ವಲ್ಪ ಬೇಸರ ಆಗಬಹುದು. ಹುಟ್ಟಿದ ಮಗುವಿನ ಬಾಯಿಗೆ ಸಿಹಿ ಸವರುವ ತಹ್ನೀಕ್ ಸುನ್ನತ್ ಎಂಬುದು ನಮಗೆಲ್ಲ ಗೊತ್ತು. ಆದರೆ ಅದು ಖರ್ಜೂರದಲ್ಲಿ, ಅಂಗುಳಿಗೆ ಬೆರಳ ತುದಿಯಷ್ಟು ಸವರುವುದು. ತಿನ್ನಿಸುವುದಲ್ಲ, ಕುಡಿಸುವುದಲ್ಲ. ಖರ್ಜೂರ ಸಿಗಲಿಲ್ಲ ಎಂದು ಜೇನು ನೆಕ್ಕಿಸುವ ಅಭ್ಯಾಸ ಬಿಡಲೇಬೇಕು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಬಿಡಬಲ್ಲದು, ಕೈಕಾಲು ಸೋತು ಉಸಿರಾಟಕ್ಕೂ ತೊಂದರೆ ಆಗುತ್ತದೆ. ತಹ್ನೀಕ್ ಮಾಡುವವರು ಕೈ ಸೋಪು ಹಾಕಿ ತೊಳೆದಿರಲಿ, ಅವರಿಗೆ ಕೆಮ್ಮು ಶೀತ ಇರಬಾರದು. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಡಾಕ್ಟರನ್ನು ಕೇಳದೆ ಬಾಯಿಗೆ ಏನನ್ನೂ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯ, ಹುಟ್ಟಿದ ಒಂದು ಗಂಟೆಯೊಳಗೆ ಮಗು ತಾಯಿಯ ಎದೆಗೆ ಬರಬೇಕು. ಆ ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಅಜ್ಜಿಯಂದಿರು ಈಗ ಕಡಿಮೆಯಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್.

ಏಳನೇ ದಿನದ ಅಕೀಕಕ್ಕೆ ತಲೆ ಬೋಳಿಸುವಾಗ ಹೊಸ ಬ್ಲೇಡು ತೆಗೆಯಿರಿ. ಹೊಕ್ಕುಳ ಬಳ್ಳಿಗೆ ಎಣ್ಣೆ, ಅರಿಶಿನ, ಬೂದಿ ಏನೂ ಹಚ್ಚಬೇಡಿ, ಒಣಗಿರಲಿ ಅಷ್ಟೇ. ಕಣ್ಣಿಗೆ ಸುರ್ಮ ಬೇಡ, ಅದರಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಮೈಗೆ ಎಣ್ಣೆ ತಿಕ್ಕಿ ಅಡ್ಡಿಲ್ಲ, ಆದರೆ ಕಿವಿಗೆ ಮೂಗಿಗೆ ಹೊಯ್ಯಬಾರದು. ಲೋಬಾನ ಹಾಕಿ ಕಿಟಕಿ ಬಾಗಿಲು ಮುಚ್ಚುವುದು ಊರಲ್ಲೂ ಬೇಡ, ಅಲ್ಲಿಯೂ ಬೇಡ. ಕೆಂಡ ಇಟ್ಟ ಮುಚ್ಚಿದ ಕೋಣೆಯಲ್ಲಿ ವಿಷಗಾಳಿ ಕಟ್ಟಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಬಟ್ಟೆಯ ವಿಷಯದಲ್ಲಿ ನಮ್ಮ ಉಮ್ಮಂದಿರು ಸ್ವಲ್ಪ ಹಠವಾದಿಗಳು. ಊರಿನ ಮಳೆಗಾಲಕ್ಕೆ ಕೊಟ್ಟು ಕಳಿಸಿದ ಟೋಪಿ, ಕಾಲುಚೀಲ, ಉಣ್ಣೆಯ ಅಂಗಿ ಎಲ್ಲವನ್ನೂ ಏಪ್ರಿಲ್ ತಿಂಗಳ ಯರಗಟ್ಟಿಯಲ್ಲಿ ಹಾಕಿಸಿದರೆ ಮಗುವಿನ ಮೈ ಕಾದು ಜ್ವರದಂತೆ ಬಿಸಿಯಾಗುತ್ತದೆ. ಒಂದು ತೆಳು ಹತ್ತಿ ಅಂಗಿ ಸಾಕು. ಫ್ಯಾನು ಹಾಕಬಹುದು, ನೇರ ಮುಖಕ್ಕೆ ಬೀಸದಿದ್ದರಾಯಿತು. ಮಧ್ಯಾಹ್ನ ಮನೆಯಲ್ಲಿ ಎಲ್ಲಿ ತಂಪೋ ಅಲ್ಲಿ ಮಲಗಿಸಿ. ಎದೆ, ಬೆನ್ನು ಮುಟ್ಟಿ ನೋಡಿ, ಬೆವರಿದ್ದರೆ ಬಟ್ಟೆ ಹೆಚ್ಚಾಯಿತು ಎಂದೇ ಅರ್ಥ. ಮಲಗಿಸುವುದು ಅಂಗಾತ, ಸುತ್ತ ದಿಂಬು ಕಂಬಳಿ ಇಲ್ಲದೆ.

ಈಗ ಬಾಪನ ಸರದಿ. ಉಮ್ಮ ಊರಲ್ಲಿ ಮಾಡುತ್ತಿದ್ದ ಕೆಲಸ ಯರಗಟ್ಟಿಯಲ್ಲಿ ಯಾರು ಮಾಡಬೇಕು? ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದಲ್ಲಿ ಎರಡು ವರ್ಷ ಪೂರ್ತಿ ಹಾಲೂಡಿಸುವ ವಿಷಯ ಬಂದಲ್ಲಿಯೇ, ಆ ತಾಯಿಯ ಅನ್ನ ಬಟ್ಟೆಯ ಹೊಣೆ ತಂದೆಯದು ಎಂದೂ ಬರುತ್ತದೆ. ಮೊದಲ ಭಾಗವನ್ನು ನಾವು ಹೆಂಗಸರಿಗೆ ಚೆನ್ನಾಗಿ ನೆನಪಿಸುತ್ತೇವೆ, ಎರಡನೆಯದನ್ನು ಗಂಡಸರಿಗೆ ನೆನಪಿಸುವುದು ಕಡಿಮೆ. ಅನ್ನ ಎಂದರೆ ಅಕ್ಕಿ ತಂದು ಹಾಕುವುದಷ್ಟೇ ಅಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೊಡುವವಳು ಒಲೆ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾಳೆ? ಊರಿಗೆಲ್ಲ ಊಟ ಹಾಕುವ ಹೋಟೆಲಿನವನ ಮನೆಯಲ್ಲಿ ಬಾಣಂತಿ ಮಧ್ಯಾಹ್ನ ಮೂರಕ್ಕೆ ಹಸಿದು ಕೂತಿರುವುದು ಸುಳ್ಳಲ್ಲ. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿ ತೇಗು ತರಿಸುವುದು, ಬಟ್ಟೆ ಬದಲಿಸುವುದು, ಸಂಜೆಯ ಆ ಅಳುವಿನ ಹೊತ್ತಿಗೆ ಒಂದು ಗಂಟೆ ಎತ್ತಿಕೊಂಡು ತಿರುಗಾಡುವುದು, ಇದಕ್ಕೆಲ್ಲ ತಾಯಿಯೇ ಆಗಬೇಕೆಂದಿಲ್ಲ.

ಲಸಿಕೆಯೂ ಬಾಪನ ಕೆಲಸವೇ ಆಗಲಿ. ಊರಿನಲ್ಲಿ ಮಾಡಿಸಿದ ತಾಯಿ ಕಾರ್ಡು ಅಲ್ಲಿ ನಡೆಯುವುದಿಲ್ಲ ಎಂದು ತಿಳಿದವರಿದ್ದಾರೆ. ನಡೆಯುತ್ತದೆ. ಯಾವುದೇ ಸರಕಾರಿ ಆಸ್ಪತ್ರೆಯಲ್ಲಿ ಆ ಕಾರ್ಡು ತೋರಿಸಿ ಮುಂದಿನ ಲಸಿಕೆ ಉಚಿತವಾಗಿ ಹಾಕಿಸಬಹುದು. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14ನೇ ವಾರ, ನಂತರ 9 ತಿಂಗಳು ತುಂಬಿದಾಗ ದಡಾರ ರುಬೆಲ್ಲಾ. ತಡವಾಗಿದ್ದರೆ ಬಿಟ್ಟುಬಿಡುವುದಲ್ಲ, ಹೋಗಿ ಮುಂದುವರಿಸುವುದು. ಹೋದ ಮೊದಲ ವಾರವೇ ಆ ಬೀದಿಯ ಅಂಗನವಾಡಿ ಎಲ್ಲಿದೆ, ಆಶಾ ಕಾರ್ಯಕರ್ತೆ ಯಾರು ಎಂದು ಕೇಳಿ ಅವರ ನಂಬರು ಇಟ್ಟುಕೊಳ್ಳಿ. ಬಿಸಿಜಿ ಹಾಕಿದ ಜಾಗದಲ್ಲಿ ಕೆಲವು ವಾರದ ನಂತರ ಗುಳ್ಳೆಯೆದ್ದು ಒಡೆಯುವುದು ಸಹಜ, ಮುಲಾಮು ಹಚ್ಚಬೇಡಿ. ವಿಟಮಿನ್ ಡಿ ಹನಿ ದಿನಾ ಕೊಡಲು ಮಕ್ಕಳ ಡಾಕ್ಟರು ಹೇಳಿರುತ್ತಾರೆ, ಆ ಸಣ್ಣ ಬಾಟಲಿ ಊರಲ್ಲೇ ಮರೆತು ಬರುವವರು ಬಹಳ.

ಹಾಲುಣಿಸುವ ತಾಯಿಗೆ ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ರಂಝಾನಿನ ಉಪವಾಸ ಬಿಡಲು ರಿಯಾಯಿತಿ ಇದೆ. ಮತ್ತೆ ಕಝಾ ಮಾಡುವುದು, ಫಿದ್ಯದ ವಿಷಯ ಖತೀಬರನ್ನು ಕೇಳಿ ತಿಳಿದುಕೊಳ್ಳಿ. ಅತ್ತೆ ಏನು ಅಂದುಕೊಳ್ಳುತ್ತಾರೋ ಎಂದು ಉಪವಾಸ ಹಿಡಿದು ತಲೆಸುತ್ತಿ ಬೀಳುವುದು ಬೇಡ.

ಕೆಲವು ಸಂಗತಿಗಳಿಗೆ ಫೋನಿನ ಸಲಹೆ ಸಾಲದು. ಎರಡು ತಿಂಗಳೊಳಗಿನ ಮಗು ಎದೆ ಚೀಪುವುದನ್ನೇ ಬಿಟ್ಟರೆ, ಮೈಬಿಸಿ 37.5 ಡಿಗ್ರಿ ದಾಟಿದರೆ ಅಥವಾ ಮೈ ತಣ್ಣಗಾದರೆ, ನಿಮಿಷಕ್ಕೆ 60 ಸಲಕ್ಕಿಂತ ಹೆಚ್ಚು ಉಸಿರಾಡಿದರೆ, ಉಸಿರೆಳೆಯುವಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಹೋದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಮಂತ್ರಿಸಿದ ನೂಲು ಕಟ್ಟುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಕಟ್ಟಿ. ಬಿಸಿ ತಾಗಿಸಿ ಬರೆ ಹಾಕುವ ಪದ್ಧತಿ ಎಲ್ಲೂ ಪೂರ್ತಿ ಅಳಿದಿಲ್ಲ, ಯಾರು ಹೇಳಿದರೂ ಒಪ್ಪಬೇಡಿ.

ತಾಯಿಯನ್ನೂ ನೋಡಿ. ಹೆರಿಗೆಯ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಹಲವರಿಗೆ ಇದೆ. ಅದು ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳುವುದೇ ಬೇಡ ಅನ್ನಿಸಿದರೆ ಅದು ಸೊಕ್ಕೂ ಅಲ್ಲ, ಶೈತಾನನ ಕಾಟವೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ. ಡಾಕ್ಟರಲ್ಲಿಗೆ ಕರೆದೊಯ್ಯಿರಿ. 14416ಕ್ಕೆ ಫೋನ್ ಮಾಡಿದರೆ ಸರಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ನಿಜವಾಗಿಯೂ ಹಾಲಿಲ್ಲದ ತಾಯಂದಿರೂ ಇದ್ದಾರೆ. ಅವರನ್ನು ಚುಚ್ಚಿ ಮಾತಾಡುವುದು ಬೇಡ. ಡಾಕ್ಟರು ಹೇಳಿದ ಹಾಲನ್ನು ಹೇಳಿದ ಅಳತೆಯಲ್ಲೇ ಕಲಸಿ, ಬಾಟಲಿಯ ಬದಲು ಕುದಿಸಿ ತೆಗೆದ ಒಳಲೆಯಲ್ಲಿ ಕುಡಿಸಿ. ನಮ್ಮ ಅಜ್ಜಿಯಂದಿರ ಒಳಲೆ ತೊಳೆಯಲು ಸುಲಭ, ಮೂಲೆಯಲ್ಲಿ ಹಾಲು ಹುಳಿಯುವುದಿಲ್ಲ.

ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ, ನೇಂದ್ರ ಬಾಳೆಕಾಯಿ ಹಿಟ್ಟಿನ ಮಣ್ಣಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಬೇಳೆ, ಚೆನ್ನಾಗಿ ಬೆಂದ ಮೊಟ್ಟೆ ಎಲ್ಲ ಒಂದೊಂದಾಗಿ ಬರಲಿ. ಆಗ ಕುದಿಸಿ ಆರಿಸಿದ ನೀರೂ ಬರಲಿ.

ಮೊನ್ನೆ ಅವಳೇ ಮತ್ತೆ ಫೋನ್ ಮಾಡಿದ್ದಳು. ಬಟ್ಟೆ ಲೆಕ್ಕ ಇಟ್ಟಿದ್ದಾಳೆ, ದಿನಕ್ಕೆ ಏಳು, ಎಂಟು. ಸಂಜೆಯ ಅಳು ಇನ್ನೂ ಇದೆ. ಗಂಡ ಈಗ ನಾಲ್ಕು ಗಂಟೆಗೆ ಹುಡುಗನ ಕೈಗೆ ಗಲ್ಲಾ ಕೊಟ್ಟು ಮನೆಗೆ ಬರುತ್ತಾನಂತೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಣಿಯುದ್ದಕ್ಕೂ ನಡೆಯುತ್ತಾನಂತೆ. ಪಕ್ಕದ ಮನೆ ಅಜ್ಜಿಗೆ ನೀರಿನ ವಿಷಯ ಇನ್ನೂ ಒಪ್ಪಿಗೆಯಾಗಿಲ್ಲ. ಆದರೆ ದಿನಾ ಮಧ್ಯಾಹ್ನ ಬಾಣಂತಿಗೆ ಒಂದು ಚೊಂಬು ಮಜ್ಜಿಗೆ ತಂದು ಕೊಡುತ್ತಾರಂತೆ.