ತೀರ್ಪಿಲ್ಲದೆ ತೀರುವ ವ್ಯಾಜ್ಯ

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರವಿದೆ. 2007ರ ಜನವರಿಯಲ್ಲಿ ಶುರುವಾದ ಈ ಕೇಂದ್ರದಲ್ಲಿ ವಾದಿ, ಪ್ರತಿವಾದಿ, ಅವರವರ ವಕೀಲರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಜೊತೆಗೆ ತರಬೇತಿ ಪಡೆದ ಮಧ್ಯಸ್ಥಿಕೆದಾರರೊಬ್ಬರು. ಹೆಚ್ಚಿನ ಮಧ್ಯಸ್ಥಿಕೆದಾರರು ವಕೀಲಿಕೆಯಲ್ಲಿ ನುರಿತವರೇ. ಆದರೂ ಇಲ್ಲಿ ಅವರು ಯಾರ ಪರವೂ ವಾದಿಸುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ.

ಹಾಗಾದರೆ ಮಾಡುವುದೇನು? ಅಪ್ಪನ ಕಾಲದ ಮನೆಗಾಗಿ ಇಬ್ಬರು ಅಣ್ಣಂದಿರು, ಒಬ್ಬ ತಂಗಿ ಪಾಲು ದಾವೆ ಹೂಡಿದ್ದಾರೆಂದು ಇಟ್ಟುಕೊಳ್ಳಿ. ನ್ಯಾಯಾಲಯ ಮೂರು ಪಾಲು ಎನ್ನುತ್ತದೆ. ಪ್ರಾಥಮಿಕ ಡಿಕ್ರಿ, ಕಮಿಷನರ್ ಅಳತೆ, ಅಂತಿಮ ಡಿಕ್ರಿ ಎಂದು ವರ್ಷಗಳು ಕಳೆಯುತ್ತವೆ. ಮನೆ ಹಂಚಲಾಗದಷ್ಟು ಚಿಕ್ಕದಾದರೆ ಕೊನೆಗೆ ಹರಾಜು. ಅಮ್ಮನ ಆಸ್ಪತ್ರೆ ಖರ್ಚನ್ನೆಲ್ಲ ಒಬ್ಬನೇ ಹೊತ್ತ ಸಂಕಟಕ್ಕೆ, ತವರಿಗೆ ಯಾರೂ ಕರೆಯಲಿಲ್ಲವೆಂಬ ತಂಗಿಯ ನೋವಿಗೆ ದಾವೆಯ ಕಾಗದದಲ್ಲಿ ಜಾಗವಿಲ್ಲ. ಮಧ್ಯಸ್ಥಿಕೆದಾರರು ಮೊದಲು ಕೇಳಿಸಿಕೊಳ್ಳುವುದು ಅದನ್ನೇ. ಬೇಕಾದರೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ ಮಾತಾಡುತ್ತಾರೆ. ಅಲ್ಲಿ ಗುಟ್ಟಾಗಿ ಹೇಳಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಒಬ್ಬ ಮನೆ ಇಟ್ಟುಕೊಂಡು ಉಳಿದಿಬ್ಬರಿಗೆ ಕಂತಿನಲ್ಲಿ ಹಣ ಕೊಡುವಂಥ ದಾರಿ ಹೊಳೆಯುವುದು ಇಂಥ ಮಾತುಗಳಿಂದ.

ರಾಜಿಗೆ ಹೋದರೆ ಕೇಸು ಸಡಿಲವೆಂದು ಎದುರಾಳಿ ತಿಳಿದಾನೆಂಬ ಭಯ ಅನೇಕರಿಗಿದೆ. ಭಯಪಡಬೇಕಿಲ್ಲ. ಮಾತುಕತೆ ಮುರಿದರೆ ದಾವೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಮೇಜಿನ ಮಾತು ನ್ಯಾಯಾಧೀಶರ ಕಿವಿಗೆ ಬೀಳುವುದಿಲ್ಲ. ಎಲ್ಲ ವ್ಯಾಜ್ಯಕ್ಕೂ ಇದು ಒಗ್ಗುವುದಿಲ್ಲ ನಿಜ. ಪಾಲು, ದಾಂಪತ್ಯ, ಬಾಡಿಗೆ, ನೆರೆಹೊರೆ, ವ್ಯಾಪಾರದ ತಕರಾರುಗಳಿಗೆ ಸೂಕ್ತ. ಫೋರ್ಜರಿಯ ಗಂಭೀರ ಆರೋಪ, ಚುನಾವಣಾ ತಕರಾರುಗಳು ಸಲ್ಲವೆಂದು 2010ರ ಆಫ್‌ಕಾನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರನ್ನು ಹುಡುಕುವಾಗ ಗೆಲ್ಲಿಸಿಕೊಡುತ್ತೇನೆ ಎನ್ನುವವರಿಗಿಂತ ನಿಮಗೆ ನಿಜವಾಗಿ ಬೇಕಾದದ್ದೇನು ಎಂದು ಕೇಳುವವರು ಮೇಲು ಎಂಬುದು ನನ್ನ ದೃಢವಾದ ನಂಬಿಕೆ. ಮಧ್ಯಸ್ಥಿಕೆಯಲ್ಲಿ ಎಷ್ಟು ಸಲ ಕೂತಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಮಧ್ಯಸ್ಥಿಕೆದಾರರನ್ನು ನೀವೇ ಗೊತ್ತುಮಾಡುವುದಾದರೆ ತರಬೇತಿ, ಶುಲ್ಕ, ಎದುರು ಪಕ್ಷದೊಂದಿಗಿನ ನಂಟು ಇವನ್ನೂ ವಿಚಾರಿಸಿ.

ಒಪ್ಪಂದದ ಬಲ ಅದು ಆದ ಜಾಗವನ್ನು ಅವಲಂಬಿಸಿದೆ. ನ್ಯಾಯಾಲಯ ಕಳಿಸಿದ ಪ್ರಕರಣದ ರಾಜಿ ಮರಳಿ ಅಲ್ಲಿಗೇ ಹೋಗಿ ಡಿಕ್ರಿಯಾಗುತ್ತದೆ. ವಾಣಿಜ್ಯ ನ್ಯಾಯಾಲಯ ಕಾಯ್ದೆಯಡಿ ದಾವೆಗೆ ಮುಂಚೆ ಆದ ಒಪ್ಪಂದಕ್ಕೆ ಪಂಚಾಟ ತೀರ್ಪಿನ ಮಾನ್ಯತೆಯಿದೆ. ಇವೆರಡರ ಹೊರಗೆ ಖಾಸಗಿಯಾಗಿ ರಾಜಿ ಮಾಡಿಕೊಳ್ಳುವವರು, 2023ರ ಮಧ್ಯಸ್ಥಿಕೆ ಕಾಯ್ದೆಯ ಕಲಂಗಳೆಲ್ಲ ಒಟ್ಟಿಗೇ ಜಾರಿಗೆ ಬಂದಿಲ್ಲವಾದ್ದರಿಂದ, ಕಾಗದದ ಬಲವೆಷ್ಟೆಂದು ಮೊದಲೇ ವಕೀಲರನ್ನು ಕೇಳಬೇಕು. ಕರಡು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಸಾಲುಸಾಲಾಗಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ರಾಜಿ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ.