ಭೂಗರ್ಭ ದಹನದಿಂದ ಕಚ್ಚಾ ತೈಲೋತ್ಪಾದನೆ

ನಿಡುಗಲ್ಲು, ಮಧುಗಿರಿ ಬೆಟ್ಟಗಳ ಗಟ್ಟಿ ಗ್ರಾನೈಟ್ ಶಿಲೆಯಲ್ಲಿ ತೈಲ ನಿಕ್ಷೇಪವಿರುವುದಿಲ್ಲ. ತೈಲವು ಸಾಮಾನ್ಯವಾಗಿ ಮರಳುಗಲ್ಲಿನಂತಹ ರಂಧ್ರಯುಕ್ತ ಪದರಶಿಲೆಗಳಲ್ಲಿ ಸಂಗ್ರಹವಾಗಿರುತ್ತದೆ. ಗುಜರಾತಿನ ಮೆಹ್ಸಾನಾ ಬಳಿಯ ಬಲೋಲ್ ಅಂತಹ ಒಂದು ಕ್ಷೇತ್ರ. ಅಲ್ಲಿನ ತೈಲವು ಜೋನಿಬೆಲ್ಲದಂತೆ ಮಂದವಾಗಿದ್ದು, ಬಾವಿಯತ್ತ ಸುಲಭವಾಗಿ ಹರಿಯುವುದಿಲ್ಲ. ಆದ್ದರಿಂದ ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು 1990ರಲ್ಲಿ ಅಲ್ಲಿ ಭೂಗರ್ಭ ದಹನ ವಿಧಾನವನ್ನು ಪ್ರಾಯೋಗಿಕವಾಗಿ ಆರಂಭಿಸಿ, 1997ರಲ್ಲಿ ವಾಣಿಜ್ಯ ಮಟ್ಟಕ್ಕೆ ವಿಸ್ತರಿಸಿತು.

ಈ ವಿಧಾನದಲ್ಲಿ ಬಾವಿಯೊಂದರ ತಳದಲ್ಲಿ ಬೆಂಕಿ ಹೊತ್ತಿಸಿ, ಅಧಿಕ ಒತ್ತಡದ ಗಾಳಿಯನ್ನು ಹಾಯಿಸಲಾಗುತ್ತದೆ. ತೈಲದ ಅಲ್ಪ ಭಾಗವು ಇದ್ದಿಲಿನಂತಾಗಿ, ಗಾಳಿಯ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ಆ ಶಾಖದಿಂದ ಉಳಿದ ತೈಲವು ತೆಳುವಾಗಿ, ಉಗಿ ಹಾಗೂ ಅನಿಲಗಳ ಒತ್ತಡಕ್ಕೆ ಉತ್ಪಾದನಾ ಬಾವಿಗಳತ್ತ ಸರಿಯುತ್ತದೆ. ಬಳಕೆಯಾಗದ ಆಮ್ಲಜನಕವು ಆ ಬಾವಿಗಳನ್ನು ತಲುಪಿದಲ್ಲಿ ಸ್ಫೋಟ ಸಂಭವಿಸಬಹುದು. ಆದಕಾರಣ ಹೊರಬರುವ ಅನಿಲಗಳನ್ನು ನಿರಂತರವಾಗಿ ಪರೀಕ್ಷಿಸುವುದು ಅತ್ಯಗತ್ಯವಾಗಿರುತ್ತದೆ.